ಸರ್ವಿಸ್ ಬಿಲ್ಲಿನಲ್ಲಿ ನಾವು ಕೊಳ್ಳುವುದೇನು?

ಕಾರನ್ನು ಬೆಳಿಗ್ಗೆ ಸರ್ವಿಸ್‌ಗೆ ಬಿಟ್ಟು ಸಂಜೆ ಬಿಲ್ಲು ಕೈಗೆ ಬಂದಾಗ ಹೆಚ್ಚಿನವರು ನೋಡುವುದು ಅದರ ಕೊನೆಯ ಸಾಲನ್ನು. ಮೊತ್ತ ಜಾಸ್ತಿಯಾಯಿತು ಅನ್ನಿಸುತ್ತದೆ, ಆದರೆ ಎಲ್ಲಿ ಜಾಸ್ತಿಯಾಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಎಂಜಿನ್ ಆಯಿಲ್ ಮತ್ತು ಫಿಲ್ಟರ್‌ನ ಬೆಲೆಯನ್ನು ಅಂಗಡಿಯಲ್ಲಿ ವಿಚಾರಿಸಿದರೆ ಬಿಲ್ಲಿಗೂ ಅದಕ್ಕೂ ಅಜಗಜಾಂತರ. ಅಲ್ಲಿಂದ ಜನ ಎರಡು ಮಾತಿಗೆ ಬರುತ್ತಾರೆ. ಡೀಲರ್ ಸುಲಿಗೆ ಮಾಡುತ್ತಿದ್ದಾರೆ ಎಂಬುದು ಒಂದು, ಇನ್ನು ಮುಂದೆ ಎಲ್ಲವನ್ನೂ ನಾನೇ ಮಾಡಿಕೊಳ್ಳುತ್ತೇನೆ ಎಂಬುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ತಿಳಿಯಬೇಕಾದರೆ ಬಿಲ್ಲನ್ನು ಬಿಡಿಸಿ ನೋಡಬೇಕು.

ಆ ಒಂದು ಹಾಳೆಯಲ್ಲಿ ಮೂರು ಬಗೆಯ ಖರೀದಿ ಅಡಗಿರುತ್ತದೆ. ಆಯಿಲ್, ಫಿಲ್ಟರ್, ವಾಷರ್‌ನಂಥ ಸಾಮಾನು. ಅವುಗಳನ್ನು ಬದಲಿಸುವ ಕೆಲಸ. ಮತ್ತು ಯಾವುದನ್ನು ಯಾವಾಗ ಬದಲಿಸಬೇಕು ಎಂಬ ನಿರ್ಧಾರ. ಮೊದಲಿನ ಎರಡಕ್ಕೆ ಬಿಲ್ಲಿನಲ್ಲಿ ಸಾಲುಗಳಿರುತ್ತವೆ. ಮೂರನೆಯದಕ್ಕೆ ಸಾಲೇ ಇಲ್ಲ, ಆದರೆ ಮೊತ್ತವನ್ನು ಏರಿಸುವುದೂ ಇಳಿಸುವುದೂ ಬಹುಮಟ್ಟಿಗೆ ಅದೇ. ಸ್ಪ್ಯಾನರ್ ಹಿಡಿಯಲು ಬಾರದವರೂ ಈ ಮೂರನೆಯದನ್ನು ತಮ್ಮ ಕೈಗೆ ತೆಗೆದುಕೊಳ್ಳಬಹುದು. ಹಾಗಾಗಿ ಡೀಲರ್ ಬಳಿ ಹೋಗುವುದೋ ಸ್ವತಃ ಮಾಡುವುದೋ ಎಂಬ ಪ್ರಶ್ನೆಗಿಂತ ನಿರ್ಧಾರ ಯಾರದು ಎಂಬ ಪ್ರಶ್ನೆ ದೊಡ್ಡದು ಎಂದು ನಾನು ನಂಬಿದ್ದೇನೆ.

ಲೇಬರ್ ಎಂಬ ಸಾಲಿನ ಒಳಗೆ

ಮೊದಲು ಕೆಲಸದ ಲೆಕ್ಕ. ಕಾರು ತಯಾರಿಸುವ ಕಂಪನಿಗಳು ಪ್ರತಿಯೊಂದು ಕೆಲಸಕ್ಕೂ ಇಷ್ಟು ಹೊತ್ತು ಎಂದು ಗೊತ್ತುಮಾಡಿರುತ್ತವೆ. ಅನೇಕ ಕಡೆ ಈ ಹೊತ್ತನ್ನು ಗಂಟೆಯ ಹತ್ತನೇ ಒಂದು ಭಾಗದಲ್ಲಿ, ಅಂದರೆ 6 ನಿಮಿಷಗಳ ತುಂಡುಗಳಲ್ಲಿ ಎಣಿಸುತ್ತಾರೆ. ಆ ಹೊತ್ತನ್ನು ಸರ್ವಿಸ್ ಸೆಂಟರಿನ ಗಂಟೆಯ ದರದಿಂದ ಗುಣಿಸಿದರೆ ಲೇಬರ್ ಚಾರ್ಜ್. ಮೆಕ್ಯಾನಿಕ್ ನಿಜವಾಗಿ ಎಷ್ಟು ಹೊತ್ತು ದುಡಿದರು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಒಂದು ಗಂಟೆಯ ಕೆಲಸವನ್ನು ಪಳಗಿದ ಕೈ ಅರ್ಧ ಗಂಟೆಯಲ್ಲಿ ಮುಗಿಸಿದರೂ ಬಿಲ್ಲು ಒಂದು ಗಂಟೆಗೆ. ತುಕ್ಕು ಹಿಡಿದ ಬೋಲ್ಟ್ ಸತಾಯಿಸಿ ಎರಡು ಗಂಟೆ ಹಿಡಿದರೂ ಸಾಮಾನ್ಯವಾಗಿ ಒಂದೇ ಗಂಟೆಗೆ. ಇದು ಮೋಸವಲ್ಲ, ಗುತ್ತಿಗೆ.

ಗಮನವಿಡಬೇಕಾದ ಜಾಗ ಬೇರೆ ಇದೆ. ಎರಡು ಕೆಲಸಗಳಿಗೆ ಒಂದೇ ಬಿಚ್ಚುವಿಕೆ ಸಾಕಾಗುವಾಗ ಎರಡಕ್ಕೂ ಪೂರ್ತಿ ಹೊತ್ತನ್ನು ಬರೆಯುವುದುಂಟು. ಟೈರ್‌ಗಳನ್ನು ಜಾಗ ಬದಲಿಸಿ ಹಾಕಲು ನಾಲ್ಕು ಚಕ್ರಗಳನ್ನೂ ಕಳಚಬೇಕು. ಬ್ರೇಕ್ ಪ್ಯಾಡ್ ತೆಗೆದು ಶುಚಿ ಮಾಡಲೂ ಅವೇ ಚಕ್ರಗಳನ್ನು ಕಳಚಬೇಕು. ಕೆಲವು ಎಂಜಿನ್‌ಗಳಲ್ಲಿ ಸ್ಪಾರ್ಕ್ ಪ್ಲಗ್ ಮುಟ್ಟಬೇಕಾದರೆ ಏರ್ ಫಿಲ್ಟರಿನ ಡಬ್ಬಿಯನ್ನು ಹೇಗೂ ಬಿಚ್ಚಲೇಬೇಕು, ಆದರೂ ಏರ್ ಫಿಲ್ಟರ್ ಬದಲಿಸಿದ್ದಕ್ಕೆ ಪ್ರತ್ಯೇಕ ಲೇಬರ್ ಇರುತ್ತದೆ. "ಈ ಎರಡು ಕೆಲಸಕ್ಕೂ ಬಿಚ್ಚುವುದು ಒಂದೇ ಸಲ ಅಲ್ಲವೇ?" ಎಂದು ಸೌಜನ್ಯದಿಂದ ಕೇಳಿದರೆ ಸಾಲೊಂದು ಕಡಿಮೆಯಾಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಕೇಳದವರಿಗೆ ಅದು ಕಡಿಮೆಯಾಗುವುದಿಲ್ಲ.

ಗಂಟೆಯ ದರವನ್ನು ಮೆಕ್ಯಾನಿಕ್‌ನ ಕೂಲಿ ಎಂದು ತಿಳಿಯಬಾರದು. ಅದರ ಸಣ್ಣ ಪಾಲಷ್ಟೇ ಅವರಿಗೆ ಸೇರುತ್ತದೆ. ಮುಖ್ಯರಸ್ತೆಯ ಕಟ್ಟಡ, ಕಾರನ್ನು ಎತ್ತುವ ಲಿಫ್ಟ್‌ಗಳು, ಕಂಪನಿಯ ಸ್ಕ್ಯಾನರ್, ಅದರ ಸಾಫ್ಟ್‌ವೇರಿಗೆ ಕಟ್ಟಬೇಕಾದ ಶುಲ್ಕ, ತರಬೇತಿ, ಮುಂದಿನ ಮೇಜಿನ ಸಿಬ್ಬಂದಿ, ನೀವು ಕಾಯುವ ತಂಪು ಕೋಣೆ ಎಲ್ಲದರ ಖರ್ಚೂ ಅದೇ ದರದಲ್ಲಿ ಸೇರಿರುತ್ತದೆ. ಗೇರ್‌ಬಾಕ್ಸಿನ ಎಲೆಕ್ಟ್ರಾನಿಕ್ ದೋಷ ಹುಡುಕಿಸುವವರಿಗೆ ಈ ಏರ್ಪಾಡೆಲ್ಲ ಬೇಕು. ವೈಪರ್ ಬ್ಲೇಡ್ ಹಾಕಿಸುವವರಿಗೆ ಅದರಲ್ಲಿ ಯಾವುದೂ ಬೇಡ, ಆದರೆ ದರ ಇಬ್ಬರಿಗೂ ಒಂದೇ. ಸ್ವತಃ ಮಾಡಿಕೊಳ್ಳುವುದರ ಲಾಭ ಹುಟ್ಟುವುದು ಸರಿಯಾಗಿ ಇಲ್ಲಿ: ದುಬಾರಿ ಏರ್ಪಾಡು ಬೇಡವಾದ ಕೆಲಸಕ್ಕೂ ಆ ಏರ್ಪಾಡಿನ ದರ ತೆರುತ್ತಿರುವಾಗ.

ಸಾಮಾನಿನ ಲೆಕ್ಕ

ಕಾರು ಕಂಪನಿಗಳು ಫಿಲ್ಟರನ್ನೋ ಸ್ಪಾರ್ಕ್ ಪ್ಲಗ್ಗನ್ನೋ ತಾವೇ ತಯಾರಿಸುವುದು ಅಪರೂಪ. ಬಾಷ್, ಡೆನ್ಸೊ, ಮಾಹ್ಲೆ, ಎನ್‌ಜಿಕೆಯಂಥ ಬಿಡಿಭಾಗಗಳ ಕಂಪನಿಗಳು ಮಾಡಿಕೊಟ್ಟದ್ದು ಕಾರು ಕಂಪನಿಯ ಡಬ್ಬಿಯಲ್ಲಿ ಬರುತ್ತದೆ. ಅದೇ ತಯಾರಕರು ತಮ್ಮ ಹೆಸರಿನ ಡಬ್ಬಿಯಲ್ಲೂ ಮಾರುತ್ತಾರೆ, ಸಾಮಾನ್ಯವಾಗಿ ಕಡಿಮೆ ಬೆಲೆಗೆ. ಹೀಗೆ ಕೊಂಡಾಗ ಗುಣಮಟ್ಟದಲ್ಲಿ ಕಳೆದುಕೊಳ್ಳುವುದು ಬಹಳವೇನಿಲ್ಲ. ಆದರೆ ಅಗ್ಗಕ್ಕೆ ಸಿಗುವುದೆಲ್ಲ ಇದೇ ಜಾತಿಯದಲ್ಲ. ಹೆಸರಾಂತ ಬ್ರ್ಯಾಂಡ್‌ಗಳ ನಕಲಿ ಫಿಲ್ಟರ್, ನಕಲಿ ಪ್ಲಗ್, ನಕಲಿ ಆಯಿಲ್ ಎಲ್ಲವೂ ಮಾರುಕಟ್ಟೆಯಲ್ಲಿವೆ. ಡೀಲರ್ ಬಳಿ ಹೆಚ್ಚು ಕೊಡುವ ಹಣದಲ್ಲಿ ಒಂದು ಪಾಲು ಅಸಲಿ ಎಂಬ ಭರವಸೆಗೆ ಸಲ್ಲುತ್ತದೆ. ಸ್ವತಃ ಕೊಳ್ಳುವವರು ಆ ಭರವಸೆಯನ್ನು ಅಂಗಡಿಯ ಆಯ್ಕೆಯಿಂದ ತಾವೇ ಸಂಪಾದಿಸಬೇಕು. ಬ್ರೇಕ್ ಪ್ಯಾಡಿನ ವಿಷಯದಲ್ಲಿ ಬೆಲೆ ನೋಡಿ ಕೊಳ್ಳುವುದನ್ನು ನಾನಂತೂ ಒಪ್ಪುವುದಿಲ್ಲ.

ಆಯಿಲ್ ವಿಷಯದಲ್ಲಿ ಇನ್ನೂ ಸ್ವಲ್ಪ ನಿಲ್ಲಬೇಕು, ಏಕೆಂದರೆ ತಪ್ಪುಗಳು ಹೆಚ್ಚು ಆಗುವುದು ಇಲ್ಲೇ. ಡಬ್ಬಿಯ ಮೇಲೆ 5ಡಬ್ಲ್ಯೂ-30 ಎಂದಿರುತ್ತದೆ. ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಅದಕ್ಕಿಂತ ಮೊದಲು ಇರುವ ಅಂಕಿ ಆಯಿಲ್ ಚಳಿಯಲ್ಲಿ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು ಹೇಳುತ್ತದೆ, ಚಿಕ್ಕದಾದಷ್ಟೂ ಒಳ್ಳೆಯ ಹರಿವು. ಕೊನೆಯ ಅಂಕಿ ಎಂಜಿನ್ ಬಿಸಿಯೇರಿದಾಗ, ಅಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದು ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬುದರ ದರ್ಜೆ. ಇದು ಬಹಳ ಜನರಿಗೆ ಗೊತ್ತು. ಗೊತ್ತಿರದ ಸಂಗತಿಯೆಂದರೆ ಈ ಅಂಕಿ ಹೊಂದಿದರಷ್ಟೇ ಸಾಲದು. ಅದೇ ಡಬ್ಬಿಯ ಹಿಂಬದಿಯಲ್ಲಿ ಎಪಿಐ ಎಸ್‌ಪಿ ಎಂದೋ ಎಸಿಇಎ ಸಿ3 ಎಂದೋ ಆಯಿಲಿನ ಗುಣಮಟ್ಟದ ದರ್ಜೆ ಹೇಳುವ ಇನ್ನೊಂದು ಸಂಕೇತ ಇರುತ್ತದೆ, ಕೆಲವೊಮ್ಮೆ ಕಾರು ಕಂಪನಿಯ ಸ್ವಂತ ಅನುಮೋದನೆಯ ಸಂಖ್ಯೆಯೂ ಇರುತ್ತದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಡೀಸೆಲ್ ಕಾರಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಅಂಕಿ ಮಾತ್ರ ನೋಡಿ ಬೇರೆ ಬಗೆಯದನ್ನು ಹಾಕುತ್ತಾ ಹೋದರೆ ಆ ಫಿಲ್ಟರ್ ನಿಧಾನವಾಗಿ ಕಟ್ಟಿಕೊಳ್ಳುತ್ತದೆ. ಅದನ್ನು ಬದಲಿಸುವ ಖರ್ಚಿನ ಮುಂದೆ ವರ್ಷಗಟ್ಟಲೆ ಉಳಿಸಿದ ಲೇಬರ್ ಏನೇನೂ ಅಲ್ಲ. ಕಾರಿನ ಜೊತೆ ಬಂದ ಮಾಲೀಕರ ಕೈಪಿಡಿಯಲ್ಲಿ ಈ ಎರಡೂ ಬರೆದಿರುತ್ತವೆ, ಎಷ್ಟು ಲೀಟರ್ ಬೇಕೆಂಬುದೂ ಇರುತ್ತದೆ. ಬಿಲ್ಲಿನಲ್ಲಿ ಬರೆದ ಲೀಟರ್‌ಗಳನ್ನು ಕೈಪಿಡಿಯ ಅಳತೆಯೊಡನೆ ಒಮ್ಮೆ ಹೋಲಿಸಿ ನೋಡುವುದು ಒಳ್ಳೆಯದು.

ಸಾಲಿಲ್ಲದ ಸಾಲು

ಈಗ ನಿರ್ಧಾರದ ಮಾತು. ಕೈಪಿಡಿಯ ಕೊನೆಯ ಭಾಗದಲ್ಲಿ ಒಂದು ಕೋಷ್ಟಕ ಇರುತ್ತದೆ: ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಆಗ, ಇದನ್ನು ಬದಲಿಸಿ, ಇದನ್ನು ಪರೀಕ್ಷಿಸಿ. ಎಂಜಿನ್ ಕಟ್ಟಿದವರೇ ಬರೆದ ಪಟ್ಟಿ ಅದು. ಸರ್ವಿಸ್ ಸೆಂಟರಿನ ಮೇಜಿನ ಮೇಲಿರುವ ಪಟ್ಟಿ ಹಲವು ಸಲ ಇದಕ್ಕಿಂತ ಉದ್ದವಾಗಿರುತ್ತದೆ. ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎಸಿಗೆ ಸುವಾಸನೆಯ ಸಿಂಪಡಣೆ, ಟೈರಿಗೆ ನೈಟ್ರೋಜನ್ ಎಲ್ಲವೂ ಅದರಲ್ಲಿ ಬಂದು ಸೇರಿಕೊಳ್ಳುತ್ತವೆ. ಕೈಪಿಡಿಯಲ್ಲಿ ಇವುಗಳ ಸುಳಿವೇ ಇರದಿರಬಹುದು. ನಾವು ಉಸಿರಾಡುವ ಗಾಳಿಯಲ್ಲೇ ಸುಮಾರು 78 ಶೇಕಡ ನೈಟ್ರೋಜನ್ ಇದೆ. ತಿಂಗಳಿಗೊಮ್ಮೆ ಸಾಮಾನ್ಯ ಗಾಳಿಯ ಒತ್ತಡ ನೋಡಿಕೊಳ್ಳುವವರಿಗೆ ಶುದ್ಧ ನೈಟ್ರೋಜನ್‌ನಿಂದ ಆಗುವ ಉಪಕಾರ ಅತ್ಯಲ್ಪ. ಇಂಜೆಕ್ಟರ್ ಕ್ಲೀನಿಂಗ್‌ನಿಂದ ನಿಜವಾಗಿ ಅನುಕೂಲವಾಗುವ ಕಾರುಗಳೂ ಇವೆ, ಆದರೆ ಎಂಜಿನ್ ತಡವರಿಸುವಂಥ ಲಕ್ಷಣ ಕಂಡಾಗ ಮಾತ್ರ, ಪ್ರತಿ ಸರ್ವಿಸ್‌ನಲ್ಲಿ ಅಲ್ಲ.

ಕೋಷ್ಟಕ ಓದುವಾಗ ಒಂದು ವಿಷಯದಲ್ಲಿ ಪ್ರಾಮಾಣಿಕರಾಗಿರಬೇಕು. ಅನೇಕ ಕೈಪಿಡಿಗಳಲ್ಲಿ ಎರಡು ಪಟ್ಟಿಗಳಿರುತ್ತವೆ, ಸಾಮಾನ್ಯ ಬಳಕೆಗೊಂದು ಮತ್ತು ಕಠಿಣ ಬಳಕೆಗೊಂದು. ಕಠಿಣ ಎಂದರೆ ಮರುಭೂಮಿಯ ರ‍್ಯಾಲಿ ಎಂದು ಭಾವಿಸಿ ನಾವು ಸಾಮಾನ್ಯದ ಕಡೆಗೆ ಹೊರಳುತ್ತೇವೆ. ಆದರೆ ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಮುಗಿಯುವ ಐದಾರು ಕಿಲೋಮೀಟರುಗಳ ಓಡಾಟ, ಸಿಗ್ನಲ್‌ಗಳಲ್ಲಿ ಗಂಟೆಗಟ್ಟಲೆ ನಿಂತು ಉರಿಯುವುದು, ಧೂಳಿನ ರಸ್ತೆ ಎಲ್ಲವೂ ಕಠಿಣ ಬಳಕೆಯೇ. ಚಿಕ್ಕ ಓಡಾಟದಲ್ಲಿ ಆಯಿಲ್‌ಗೆ ಸೇರಿದ ನೀರಿನ ಪಸೆ ಮತ್ತು ಇಂಧನ ಆವಿಯಾಗಿ ಹೋಗಲು ಬೇಕಾದ ಬಿಸಿ ಹುಟ್ಟುವುದೇ ಇಲ್ಲ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಮಾತ್ರ ಓಡುವ ಕಾರಿಗೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎಂದು ಹೇಳುವುದರ ಹಿಂದೆ ಈ ಕಾರಣವಿದೆ. ಅಲ್ಲಿ ಸರ್ವಿಸ್ ಅಡ್ವೈಸರ್ ಬೇಗ ಬದಲಿಸಿ ಎಂದರೆ ಅವರು ಹೇಳುವುದು ಸರಿಯೇ.

ಕೈಗೆ ಕೊಳೆ ಮೆತ್ತಿಕೊಳ್ಳುವ ಮೊದಲು

ಸ್ವತಃ ಮಾಡುವುದು ಎಂದೊಡನೆ ಕಾರಿನ ಕೆಳಗೆ ಮಲಗಿದ ಚಿತ್ರ ಕಣ್ಣಿಗೆ ಬರುತ್ತದೆ. ಪಟ್ಟ ಶ್ರಮಕ್ಕೆ ಅತಿ ಹೆಚ್ಚು ಉಳಿತಾಯ ಕೊಡುವ ಕೆಲಸಗಳಿಗೆ ಕೆಳಗೆ ಹೋಗುವುದೇ ಬೇಡ. ಎಂಜಿನ್‌ನ ಏರ್ ಫಿಲ್ಟರ್ ಹಲವು ಕಾರುಗಳಲ್ಲಿ ನಾಲ್ಕು ಕ್ಲಿಪ್ ಬಿಚ್ಚಿದರೆ ಕೈಗೆ ಬರುತ್ತದೆ. ಎಸಿಯ ಕ್ಯಾಬಿನ್ ಫಿಲ್ಟರ್ ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ವೈಪರ್, ಗಾಜಿನ ನೀರು, ಟೈರಿನ ಗಾಳಿ, ಬ್ಯಾಟರಿ ಟರ್ಮಿನಲ್‌ನ ಬಿಳಿ ಪುಡಿ ಒರೆಸುವುದು ಎಲ್ಲಕ್ಕೂ ಬೇಕಾಗುವುದು ಬರಿಗೈ ಅಥವಾ ಒಂದು ಸ್ಕ್ರೂಡ್ರೈವರ್. ನಾನು ಮೊದಲ ಸಲ ಕ್ಯಾಬಿನ್ ಫಿಲ್ಟರನ್ನು ಸ್ವತಃ ಹೊರತೆಗೆದಾಗ ಅದರ ಮಡಿಕೆಗಳಲ್ಲಿ ಒಣಗಿದ ಎಲೆಗಳು ಇದ್ದವು. ಅದನ್ನು ಬದಲಿಸಿದ್ದಾಗಿ ಹಿಂದಿನ ಬಿಲ್ಲಿನಲ್ಲಿ ಬರೆದಿತ್ತು. ಅಂದಿನಿಂದ ಬದಲಿಸಿದ ಹಳೆಯ ಭಾಗಗಳನ್ನು ಡಿಕ್ಕಿಯಲ್ಲಿ ಇಟ್ಟುಕೊಡಿ ಎಂದು ಮೊದಲೇ ಹೇಳುತ್ತೇನೆ. ನೋಡಿ ಮರಳಿ ಕೊಟ್ಟರೂ ಸರಿ.

ಮುಂದಿನ ಮೆಟ್ಟಿಲು ಆಯಿಲ್ ಬದಲಾವಣೆ. ಇದಕ್ಕೆ ಸಲಕರಣೆ ಬೇಕು, ಅಲ್ಲಿಂದ ಲೆಕ್ಕ ಬದಲಾಗುತ್ತದೆ. ಸಾಕೆಟ್ ಸೆಟ್, ಬೋಲ್ಟನ್ನು ಗೊತ್ತಾದ ಬಲಕ್ಕೆ (ಟಾರ್ಕ್) ಬಿಗಿಯುವ ಟಾರ್ಕ್ ರೆಂಚ್, ಫಿಲ್ಟರ್ ತಿರುಗಿಸುವ ಸಾಧನ, ಹಳೆಯ ಆಯಿಲ್ ಹಿಡಿಯುವ ತಟ್ಟೆ, ಜಾಕ್, ಎರಡು ಜಾಕ್ ಸ್ಟ್ಯಾಂಡ್. ಇವೆಲ್ಲಕ್ಕೂ ಸೇರಿ ಮೂರು ಆಯಿಲ್ ಬದಲಾವಣೆಯಲ್ಲಿ ಉಳಿಯುವಷ್ಟು ಹಣ ಬೀಳುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೊಂದೇ ಸರ್ವಿಸ್ ಬೀಳುವ ಒಂದೇ ಕಾರಿನ ಮನೆಯಲ್ಲಿ ಮೂರು ವರ್ಷ ಬರೀ ಸಲಕರಣೆಯ ಸಾಲ ತೀರುತ್ತದೆ, ಲಾಭ ಕಾಣುವುದು ನಾಲ್ಕನೇ ವರ್ಷದಿಂದ. ಎರಡು ಕಾರುಗಳಿದ್ದರೆ ಎರಡನೇ ವರ್ಷದಲ್ಲೇ ಖರ್ಚು ತೀರುತ್ತದೆ. ಕಾರನ್ನು ಎರಡು ಮೂರು ವರ್ಷಕ್ಕೆ ಮಾರಿ ಇನ್ನೊಂದು ಕೊಳ್ಳುವವರಿಗೆ, ಅದರಲ್ಲೂ ಕಡಿಮೆ ಓಡಿಸುವವರಿಗೆ, ಹಣದ ದೃಷ್ಟಿಯಿಂದ ಇದು ದಕ್ಕುವ ವ್ಯಾಪಾರವಲ್ಲ. ಮೊದಲ ಸಲ ಅರ್ಧ ದಿನ ಹಿಡಿಯುತ್ತದೆ, ಪಳಗಿದ ಮೇಲೆ ಒಂದು ಗಂಟೆ. ಆ ಹೊತ್ತಿಗೆ ನಿಮ್ಮದೇ ಬೆಲೆ ಕಟ್ಟಿ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಈ ಕೆಲಸದಲ್ಲೇ ಸಂತೋಷ ಕಾಣುವವರಿಗೆ ಅದು ಖರ್ಚಲ್ಲ, ಭಾನುವಾರದ ಒಂದು ಒಳ್ಳೆಯ ಬೆಳಗು.

ಕೆಲಸದ ಕ್ರಮ ಸರಳ, ಆದರೆ ಪ್ರತಿ ಹೆಜ್ಜೆಯಲ್ಲೂ ದುಬಾರಿಯಾಗಬಲ್ಲ ತಪ್ಪೊಂದು ಕಾದಿರುತ್ತದೆ. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಆಯಿಲ್ ಚೆನ್ನಾಗಿ ಇಳಿಯುತ್ತದೆ, ಸುಡುವಷ್ಟು ಬಿಸಿ ಬೇಡ. ಸಮತಟ್ಟಾದ ಗಟ್ಟಿ ನೆಲದಲ್ಲಿ ಚಕ್ರಗಳಿಗೆ ಅಡ್ಡ ಇಟ್ಟು, ಕಾರನ್ನು ಜಾಕ್ ಸ್ಟ್ಯಾಂಡ್‌ಗಳ ಮೇಲೆ ಕೂರಿಸಬೇಕು. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಲೇಬಾರದು. ಜಾಕ್ ಇರುವುದು ಎತ್ತಲು, ಹೊತ್ತು ನಿಲ್ಲಲು ಅಲ್ಲ. ಹೀಗೆ ನಂಬಿ ಜೀವ ಕಳೆದುಕೊಂಡವರಿದ್ದಾರೆ, ಯಾವ ಉಳಿತಾಯವೂ ಅದಕ್ಕೆ ಸಮನಲ್ಲ. ಡ್ರೇನ್ ಬೋಲ್ಟನ್ನು ಹೊಸ ವಾಷರ್‌ನೊಂದಿಗೆ, ಆ ಕಾರಿಗೆ ಹೇಳಿದ ಟಾರ್ಕ್‌ಗೆ ಮಾತ್ರ ಬಿಗಿಯಬೇಕು. ಬಲ ಹಾಕಿ ಬಿಗಿದರೆ ಅಲ್ಯೂಮಿನಿಯಂ ಆಯಿಲ್ ಪ್ಯಾನಿನ ಥ್ರೆಡ್ ಕಿತ್ತುಬರುತ್ತದೆ, ಆಗ ಪ್ಯಾನ್ ಬದಲಿಸಬೇಕು ಅಥವಾ ಥ್ರೆಡ್ ಹೊಸದಾಗಿ ಹಾಕಿಸಬೇಕು. ಹಳೆಯ ಫಿಲ್ಟರ್ ತೆಗೆದಾಗ ಅದರ ರಬ್ಬರ್ ಉಂಗುರವೂ ಜೊತೆಯಲ್ಲೇ ಬಂದಿದೆಯೇ ಎಂದು ನೋಡಲೇಬೇಕು. ಅದು ಎಂಜಿನ್‌ಗೆ ಅಂಟಿಕೊಂಡಿದ್ದು, ಅದರ ಮೇಲೆ ಹೊಸ ಫಿಲ್ಟರ್ ಕೂತರೆ ಎರಡು ಉಂಗುರಗಳ ನಡುವಿನಿಂದ ಆಯಿಲ್ ಒಂದೇ ಸಲಕ್ಕೆ ಚಿಮ್ಮಿ ಹೋಗಬಹುದು. ಹೊಸ ಉಂಗುರಕ್ಕೆ ಸ್ವಲ್ಪ ಆಯಿಲ್ ಸವರಿ, ಅದು ತಾಗಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತಿನಷ್ಟು ತಿರುಗಿಸುವುದು ವಾಡಿಕೆ, ನಿಖರವಾದ ಅಳತೆ ಫಿಲ್ಟರಿನ ಮೇಲೇ ಬರೆದಿರುತ್ತದೆ. ತುಂಬಿಸುವಾಗ ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಬಾರದು. ಹೆಚ್ಚಾದರೆ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಿಂದ ನಯ ಸಿಗುವುದಿಲ್ಲ.

ಹಳೆಯ ಆಯಿಲ್ ಏನು ಮಾಡುವುದು? ಡೀಲರ್ ಬಿಲ್ಲಿನಲ್ಲಿ ಇದರ ವಿಲೇವಾರಿಯೂ ಸೇರಿದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವಂತೆ ಒಂದು ಸಲದ ಬದಲಾವಣೆಯಲ್ಲಿ ಹೊರಬರುವ ಆಯಿಲ್ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು. ಅದನ್ನು ಮುಚ್ಚಳ ಬಿಗಿಯಾದ ಕ್ಯಾನಿನಲ್ಲಿ ತುಂಬಿ, ಹಳೆಯ ಆಯಿಲ್ ಸ್ವೀಕರಿಸುವ ಗ್ಯಾರೇಜಿಗೋ ಸಂಗ್ರಹಣಾ ಕೇಂದ್ರಕ್ಕೋ ಒಪ್ಪಿಸಬೇಕು. ಅದಕ್ಕೆ ವ್ಯವಸ್ಥೆ ಇಲ್ಲದವರು ಆಯಿಲ್ ಬದಲಾವಣೆಯನ್ನು ಹೊರಗೆ ಮಾಡಿಸುವುದೇ ಸರಿ. ಚರಂಡಿಗೆ ಸುರಿದು ಉಳಿಸಿದ ಹಣವನ್ನು ನಾನು ಉಳಿತಾಯವೆಂದು ಕರೆಯಲಾರೆ.

ಬ್ರೇಕ್ ಆಯಿಲ್ ಗಡಿರೇಖೆಯ ಮೇಲಿನ ಕೆಲಸ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿರುವಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ಆದರೆ ಸುಮಾರು 3.7 ಶೇಕಡ ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಪೆಡಲ್ ಹಗುರವಾಗಿ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಹಾಗಾಗಿಯೇ ಬಹಳಷ್ಟು ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತವೆ. ಇದನ್ನು ಮನೆಯಲ್ಲಿ ಮಾಡಬಹುದು, ಆದರೆ ಪೈಪಿನಲ್ಲಿ ಗಾಳಿ ಉಳಿದರೆ ಪರಿಣಾಮ ಅದೇ, ಮತ್ತು ಕೆಲವು ಕಾರುಗಳಲ್ಲಿ ಎಬಿಎಸ್ ಘಟಕದ ಗಾಳಿ ತೆಗೆಯಲು ಸ್ಕ್ಯಾನರ್ ಬೇಕು. ಕಲಿಸುವವರೊಬ್ಬರು ಪಕ್ಕದಲ್ಲಿ ಇಲ್ಲದಿದ್ದರೆ ಇದನ್ನು ಗ್ಯಾರೇಜಿಗೆ ಬಿಡಿ. ಟೈಮಿಂಗ್ ಬೆಲ್ಟ್, ಎಸಿ ಗ್ಯಾಸ್, ಏರ್‌ಬ್ಯಾಗ್, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳ ಹೆಚ್ಚು ವೋಲ್ಟೇಜಿನ ಕಿತ್ತಳೆ ಬಣ್ಣದ ತಂತಿಗಳು ಗಡಿಯ ಆಚೆಗಿನವು, ಅವುಗಳ ಬಗ್ಗೆ ಚರ್ಚೆ ಬೇಡ.

ವಾರಂಟಿಯ ಭಯ

ಹೊರಗೆ ಸರ್ವಿಸ್ ಮಾಡಿಸಿದರೆ ವಾರಂಟಿ ಹೋಗುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಇದು ಎಲ್ಲ ದೇಶಕ್ಕೂ ಸಲ್ಲುವ ಮಾತಲ್ಲ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆಯ ಪ್ರಕಾರ, ಉಚಿತವಾಗಿ ಕೊಡದ ಹೊರತು ಇಂಥದೇ ಬ್ರ್ಯಾಂಡಿನ ಭಾಗ ಅಥವಾ ಸೇವೆ ಬಳಸಬೇಕೆಂದು ವಾರಂಟಿಗೆ ಷರತ್ತು ಹಾಕುವಂತಿಲ್ಲ. ಐರೋಪ್ಯ ಒಕ್ಕೂಟದ 2010ರ ನಿಯಮಗಳೂ ಸ್ವತಂತ್ರ ಗ್ಯಾರೇಜ್‌ಗಳ ಪರವಾಗಿ ಇದೇ ದಿಕ್ಕಿನಲ್ಲಿವೆ. ಬೇರೆಡೆ ವಾರಂಟಿಯ ಕರಾರಿನಲ್ಲಿ ಏನು ಬರೆದಿದೆಯೋ ಅದೇ ಗತಿ, ಆ ಎರಡು ಪುಟಗಳನ್ನು ಓದದೆ ನಿರ್ಧರಿಸಬೇಡಿ. ಕಾನೂನು ನಮ್ಮ ಕಡೆಗಿದ್ದರೂ ಪುರಾವೆ ಬೇಕು. ಆಯಿಲ್ ಮತ್ತು ಫಿಲ್ಟರ್ ಕೊಂಡ ರಸೀದಿ, ದಿನಾಂಕ, ಓಡೊಮೀಟರಿನ ಫೋಟೊ, ಡಬ್ಬಿಯ ಹಿಂಬದಿಯ ಸಂಕೇತದ ಫೋಟೊ ಇವಿಷ್ಟನ್ನು ಒಂದು ಕಡೆ ಇಟ್ಟುಕೊಂಡರೆ ಎಂಜಿನ್ ವಿಷಯದಲ್ಲಿ ತಕರಾರು ಬಂದಾಗ ಮಾತಾಡಲು ಬಾಯಿ ಇರುತ್ತದೆ. ಮಾರುವಾಗ ಕೊಳ್ಳುವವರ ಮುಂದೆ ಇಡಲೂ ಅದೇ ಕಡತ ಬೇಕು. ಹಾಗಿದ್ದೂ ಡೀಲರ್ ಮುದ್ರೆಯ ಸರ್ವಿಸ್ ಪುಸ್ತಕಕ್ಕೆ ಸಿಗುವ ಬೆಲೆ ಮನೆಯ ಕಡತಕ್ಕೆ ಪೂರ್ತಿ ಸಿಗುವುದಿಲ್ಲ. ಇನ್ನೊಂದು ಸಂಗತಿ: ವಾರಂಟಿ ಮುಗಿದ ಸ್ವಲ್ಪ ದಿನಕ್ಕೇ ದೊಡ್ಡ ಭಾಗವೊಂದು ಕೆಟ್ಟರೆ, ತಮ್ಮಲ್ಲೇ ಸರ್ವಿಸ್ ಮಾಡಿಸುತ್ತ ಬಂದವರಿಗೆ ಕೆಲವು ಕಂಪನಿಗಳು ಸದ್ಭಾವನೆಯಿಂದ ಖರ್ಚಿನ ಪಾಲು ಹೊರುತ್ತವೆ. ಹೊರಗೆ ಹೋದವರಿಗೆ ಈ ಮುಲಾಜು ಸಿಗುವುದು ಕಷ್ಟ.

ಇವನ್ನೆಲ್ಲ ಕೂಡಿಸಿ ನಾನು ಕಂಡುಕೊಂಡ ದಾರಿ ಎರಡರ ನಡುವಿನದು. ವಾರಂಟಿ ಇರುವವರೆಗೆ ಡೀಲರ್ ಬಳಿಯೇ ಹೋಗುತ್ತೇನೆ, ಆದರೆ ಕೋಷ್ಟಕದಲ್ಲಿ ಇರುವುದನ್ನಷ್ಟೇ ಮಾಡಿಸುತ್ತೇನೆ. ಫಿಲ್ಟರ್, ವೈಪರ್‌ಗಳನ್ನು ಮನೆಯಲ್ಲೇ ಬದಲಿಸಿಕೊಂಡು ಹೋಗುತ್ತೇನೆ. ವಾರಂಟಿ ಮುಗಿದ ಮೇಲೆ ಆಯಿಲ್ ನನ್ನ ಪಾಲು, ಬ್ರೇಕ್ ಮತ್ತು ಬೆಲ್ಟ್ ನಂಬಿಕೆಯ ಗ್ಯಾರೇಜಿನ ಪಾಲು, ಕಂಪ್ಯೂಟರಿನ ದೋಷ ಬಂದರೆ ಮತ್ತೆ ಡೀಲರ್ ಪಾಲು.

ಮುಂದಿನ ಸಲ ಸರ್ವಿಸ್‌ಗೆ ಹೋಗುವಾಗ ಕೈಪಿಡಿಯ ಆ ಪುಟದ ಫೋಟೊ ತೆಗೆದಿಟ್ಟುಕೊಂಡು ಹೋಗಿ. ಮಾಡಬೇಕಾದ ಕೆಲಸಗಳನ್ನು ಬರೆದ ಜಾಬ್ ಕಾರ್ಡಿಗೆ ಸಹಿ ಹಾಕುವ ಮುನ್ನ ಎರಡನ್ನೂ ಅಕ್ಕಪಕ್ಕ ಹಿಡಿದು, ಪುಟದಲ್ಲಿ ಇಲ್ಲದ ಪ್ರತಿ ಸಾಲಿನ ಮೇಲೂ ಬೆರಳಿಟ್ಟು "ಇದು ಏಕೆ ಬೇಕು, ಈಗಲೇ ಏಕೆ?" ಎಂದು ಕೇಳಿ. ಒಳ್ಳೆಯ ಅಡ್ವೈಸರ್ ಆದರೆ ಸವೆದ ಪ್ಯಾಡನ್ನೋ ಬಿರುಕು ಬಿಟ್ಟ ಬೆಲ್ಟನ್ನೋ ಕರೆದುಕೊಂಡು ಹೋಗಿ ತೋರಿಸುತ್ತಾರೆ, ಅದನ್ನು ಸಂತೋಷದಿಂದ ಮಾಡಿಸಿ. ತೋರಿಸಲು ಏನೂ ಇಲ್ಲದ ಸಾಲನ್ನು ಹೊಡೆದುಹಾಕಿಸಿ, ಹೊಸ ಮೊತ್ತ ಬರೆಸಿಕೊಂಡ ಮೇಲೆ ಸಹಿ ಹಾಕಿ.